ದೀಪ ನೋಡಿಕೊಂಡವರು

ಲೋಕದ ಕೆಲಸಗಳನ್ನೆಲ್ಲ ನಾವು ಎರಡು ಬಗೆಯಾಗಿ ವಿಂಗಡಿಸಿಕೊಂಡಿದ್ದೇವೆ. ಮಾಡಿದರೆ ಕಾಣುವಂಥವು ಒಂದು ಬಗೆ. ಮಾಡದೆ ಬಿಟ್ಟರೆ ಮಾತ್ರ ಕಾಣುವಂಥವು ಇನ್ನೊಂದು ಬಗೆ. ಸಭೆಯಲ್ಲಿ ಭಾಷಣ ಮಾಡುವುದು ಮೊದಲನೆಯದು. ಸಭೆ ಮುಗಿದ ಮೇಲೆ ಜಮಖಾನ ಮಡಿಸಿಡುವುದು ಎರಡನೆಯದು. ಹಬ್ಬದ ದಿನ ಹೋಳಿಗೆ ಬಡಿಸುವುದು ಮೊದಲನೆಯದು. ವರ್ಷದ ಮುನ್ನೂರ ಅರವತ್ತೈದು ದಿನವೂ ಹಾಲು ಉಕ್ಕದಂತೆ ಕಾಯುವುದು ಎರಡನೆಯದು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಗುಮಾಸ್ತಿಕೆ ಮಾಡಿಕೊಂಡು ಬಂದಿರುವ ನಾವು ಯಾವ ಬಗೆಗೆ ಸೇರಿದವರೆಂದು ಬೇರೆ ಹೇಳಬೇಕಾಗಿಲ್ಲ. ಕಡತ ಹೊತ್ತಿಗೆ ಸರಿಯಾಗಿ ಮೇಜಿನಿಂದ ಮೇಜಿಗೆ ಹೋದರೆ ನಮ್ಮ ಹೆಸರನ್ನು ಯಾರೂ ಎತ್ತುವುದಿಲ್ಲ; ಒಂದು ದಿನ ತಡವಾಗಲಿ, ನಮ್ಮ ಕೀರ್ತಿ ನಾಲ್ಕನೆಯ ಮಹಡಿಯವರೆಗೂ ಏರುತ್ತದೆ.

ಈ ಎರಡನೆಯ ಬಗೆಯ ಕೆಲಸಗಳಿಗೆಲ್ಲ ಶಿರೋಮಣಿ ಯಾವುದೆಂದು ಕೇಳಿದರೆ ಸಮುದ್ರತೀರದ ದೀಪಸ್ತಂಭದ ದೀಪ ಉರಿಸುವುದೇ ಎಂದು ನಾವು ಹೇಳುತ್ತೇವೆ. ಸಾವಿರ ರಾತ್ರಿ ದೀಪ ಉರಿದರೆ ಸಾವಿರ ಹಡಗುಗಳು ತಮ್ಮ ಪಾಡಿಗೆ ತಾವು ಹೋಗುತ್ತವೆ. ಹಡಗಿನವರು ಅದನ್ನು ಕಂಡು ಕೈ ಮುಗಿಯುವುದಿಲ್ಲ. ಸಾವಿರದ ಒಂದನೆಯ ರಾತ್ರಿ ದೀಪ ತಪ್ಪಿದರೆ ಮಾತ್ರ ವಿಚಾರಣೆ.

ಬಯಲುಸೀಮೆಯವರಾದ ನಾವು ಸಮುದ್ರ ಕಂಡದ್ದೇ ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ಮೇಲೆ. ಕೊಲಾಬಾದ ತುದಿಯಾಚೆ ನೀರಿನ ನಡುವೆ ನಿಂತಿರುವ, 1875ರಲ್ಲಿ ಕಟ್ಟಿದ ಪ್ರಾಂಗ್ಸ್ ದೀಪಸ್ತಂಭವನ್ನು ಮೊದಲ ಸಲ ಕಂಡಾಗ, ಊರ ದೇವಸ್ಥಾನದ ಎದುರಿನ ದೀಪಮಾಲೆ ಕಂಬವನ್ನು ಯಾರೋ ಸಮುದ್ರದಲ್ಲಿ ನೆಟ್ಟು ಮರೆತಿದ್ದಾರೆ ಎನ್ನಿಸಿತ್ತು. ಅದರೊಳಗೆ ಮನುಷ್ಯರಿರಬಹುದೆಂಬ ಯೋಚನೆ ಆಗ ಬಂದಿರಲಿಲ್ಲ.

ಆ ಯೋಚನೆಯನ್ನು ತಲೆಗೆ ಹಾಕಿದವಳು ಎಂಟು ವರ್ಷದ ಒಬ್ಬ ಹುಡುಗಿ. ನಮ್ಮ ಸಂಘದಲ್ಲಿ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ ಇಟ್ಟಿದ್ದರು, ವಿಷಯ ಸಮುದ್ರ. ಕಾಗದ, ಬಣ್ಣ ಹಂಚುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮಕ್ಕಳು ಹಡಗು ಬರೆದರು, ಮೀನು ಬರೆದರು, ಅರ್ಧ ಮುಳುಗಿದ ಸೂರ್ಯನನ್ನು ಬರೆದರು. ಹತ್ತು ಹನ್ನೆರಡು ಕಾಗದಗಳಲ್ಲಿ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭವೂ ಇತ್ತು. ಒಂದರಲ್ಲೂ ಮನುಷ್ಯರಿಲ್ಲ. ಆ ಹುಡುಗಿ ತನ್ನ ಕಂಬಕ್ಕೆ ಪುಟ್ಟದೊಂದು ಕಿಟಕಿ ಇಟ್ಟು, “ಇದರೊಳಗೆ ಯಾರು ಇರ್ತಾರೆ?” ಎಂದು ಕೇಳಿದಳು. ಮೂರು ದಿನ ಕಳೆದರೂ ಆ ಪ್ರಶ್ನೆ ಬಿಡಲಿಲ್ಲ. ಬಿ.ಎಸ್ಸಿ. ಓದುವಾಗ ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಮಸೂರದ ಬಗ್ಗೆ ಪರೀಕ್ಷೆಗೆ ಬರೆದು ಅಂಕ ಪಡೆದವರು ನಾವು. ಗಾಜಿನ ಪಟ್ಟಕಗಳನ್ನು ಬಳೆಬಳೆಯಾಗಿ ಜೋಡಿಸಿ, ನಾಲ್ಕೂ ಕಡೆಗೆ ಚೆದರುವ ಬೆಳಕನ್ನು ಒಟ್ಟುಗೂಡಿಸಿ ಒಂದೇ ದಿಕ್ಕಿಗೆ ಕಳಿಸುವ ಆ ಮಸೂರವನ್ನು 1823ರಲ್ಲಿ ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲು ಕೂರಿಸಿದರು. ಪುಸ್ತಕದಲ್ಲಿ ಮಸೂರದ ಚಿತ್ರವಿತ್ತು, ಕಿರಣಗಳ ಗೆರೆಗಳಿದ್ದವು. ಅದರ ಮೇಲೆ ದಿನವೂ ಕೂರುವ ಮಸಿಯನ್ನು ಒರೆಸುವವರು ಯಾರೆಂದು ಪುಸ್ತಕವೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹುಡುಕುತ್ತ ಹೋದಾಗ ಒಳಗೆ ಇದ್ದವರಲ್ಲಿ ಹೆಂಗಸರೂ ಬಹಳ ಮಂದಿ ಎಂದು ತಿಳಿಯಿತು.

ಎಲ್ಲಕ್ಕಿಂತ ಹೆಸರಾದವಳು ಇಂಗ್ಲೆಂಡಿನ ಗ್ರೇಸ್ ಡಾರ್ಲಿಂಗ್. ಉತ್ತರ ಸಮುದ್ರದ ಫಾರ್ನ್ ದ್ವೀಪಗಳಲ್ಲಿ ಲಾಂಗ್‌ಸ್ಟೋನ್ ಎಂಬ ಬಂಡೆಯ ಮೇಲೊಂದು ದೀಪಸ್ತಂಭ. ಅವಳ ತಂದೆ ವಿಲಿಯಂ ಅದರ ಪಾಲಕ. 1838ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಬಿರುಗಾಳಿಯಲ್ಲಿ ‘ಫಾರ್ಫರ್‌ಶೈರ್’ ಎಂಬ ಉಗಿಹಡಗು ಹತ್ತಿರದ ಬಂಡೆಗೆ ಬಡಿದು ಎರಡು ಹೋಳಾಯಿತು. ಬಂಡೆಯ ಮೇಲೆ ಒಂಬತ್ತು ಜನ ಜೀವ ಹಿಡಿದುಕೊಂಡಿದ್ದರು. ಅವರಲ್ಲಿ ಒಬ್ಬ ತಾಯಿಯ ಇಬ್ಬರು ಮಕ್ಕಳು ಅವಳ ತೋಳಿನಲ್ಲೇ ಪ್ರಾಣ ಬಿಟ್ಟಿದ್ದರು. ಅಪ್ಪ ಮಗಳಿಬ್ಬರೂ ಇಪ್ಪತ್ತೊಂದು ಅಡಿಯ ದೋಣಿಯಲ್ಲಿ ಸುಮಾರು ಒಂದು ಮೈಲಿ ಹುಟ್ಟು ಹಾಕಿದರು. ಅಪ್ಪ ಬಂಡೆಗೆ ಜಿಗಿದಾಗ, ದೋಣಿ ಕಲ್ಲಿಗೆ ಬಡಿದು ಪುಡಿಯಾಗದಂತೆ ಒಬ್ಬಳೇ ಎರಡು ಹುಟ್ಟು ಹಿಡಿದು ಅಲೆಗಳ ನಡುವೆ ನಿಲ್ಲಿಸಿಕೊಂಡವಳು ಇಪ್ಪತ್ತೆರಡು ವರ್ಷದ ಗ್ರೇಸ್. ಎರಡು ಸರದಿಯಲ್ಲಿ ಒಂಬತ್ತು ಜನರೂ ದೀಪಸ್ತಂಭ ಸೇರಿದರು.

ಅಲ್ಲಿಂದಾಚೆಗೆ ನಡೆದದ್ದು ಇನ್ನೊಂದು ಬಿರುಗಾಳಿ. ಪತ್ರಿಕೆಗಳು ಬರೆದವು. ವಿಕ್ಟೋರಿಯಾ ರಾಣಿ 50 ಪೌಂಡ್ ಕಳಿಸಿದಳು. ಜನ ಅವಳ ಕೂದಲಿನ ಎಳೆ ಬೇಕೆಂದು ಕಾಗದ ಬರೆದರು. ಚಿತ್ರಕಾರರು ದೋಣಿ ಮಾಡಿಕೊಂಡು ಬಂಡೆಗೇ ಬಂದು ಅವಳನ್ನು ಎದುರಿಗೆ ಕೂರಿಸಿಕೊಂಡರು. ಎಚ್. ಪಿ. ಪಾರ್ಕರ್, ಜೆ. ಡಬ್ಲ್ಯೂ. ಕಾರ್ಮೈಕೇಲ್, ಥಾಮಸ್ ಮಸ್‌ಗ್ರೇವ್ ಜಾಯ್ ಮೊದಲಾದವರು ಆ ಪ್ರಸಂಗವನ್ನು ಬಣ್ಣದಲ್ಲಿ ಬರೆದರು. ಇಪ್ಪತ್ತು ವರ್ಷದ ಮೇಲೆ ವಿಲಿಯಂ ಬೆಲ್ ಸ್ಕಾಟ್ ಎಂಬವನು ವಾಲಿಂಗ್‌ಟನ್ ಎಂಬ ದೊಡ್ಡಮನೆಗೆ ಆ ಸೀಮೆಯ ಚರಿತ್ರೆಯನ್ನು ಚಿತ್ರಮಾಲೆಯಾಗಿ ಬರೆದಾಗ, ರಾಜರು, ಸಂತರು, ರೋಮನ್ನರು ಕಟ್ಟಿದ ಗೋಡೆ ಇವುಗಳ ಸಾಲಿನಲ್ಲಿ ದೀಪ ಉರಿಸುವವನ ಮಗಳಿಗೂ ಒಂದು ಚಿತ್ರ ಸಿಕ್ಕಿತು. ಇದು ಸಣ್ಣ ಮಾತಲ್ಲ.

ಆದರೆ ಜನಸಾಮಾನ್ಯರ ಮನೆ ಸೇರಿದ ಅಗ್ಗದ ಮುದ್ರಿತ ಚಿತ್ರಗಳಲ್ಲಿ ಕಥೆ ಬದಲಾಗುತ್ತ ಹೋಯಿತು. ಗಾಳಿಗೆ ಹಾರುವ ಕೂದಲು, ಆಕಾಶ ನೋಡುವ ಕಣ್ಣು; ಕೆಲವು ಕಡೆ ಅಪ್ಪನೇ ಮಾಯ. ಮಗಳು ಒತ್ತಾಯಿಸಿದ್ದರಿಂದ ಹಿಂಜರಿಯುವ ಅಪ್ಪ ಹೊರಟನೆಂಬ ಕಥೆಯೂ ಹುಟ್ಟಿಕೊಂಡಿತು. ನಮ್ಮ ಗಮನ ಸೆಳೆದದ್ದು ಯಾವ ಚಿತ್ರದಲ್ಲೂ ಮುಖ್ಯವಾಗದ ಇನ್ನೊಬ್ಬಾಕೆ: ತಾಯಿ ಥಾಮಸಿನ್. ದೋಣಿಯನ್ನು ನೀರಿಗಿಳಿಸಲು ಕೈ ಹಚ್ಚಿದವಳು ಅವಳು. ಬಿರುಗಾಳಿ ಇಳಿಯದೆ ಆ ಒಂಬತ್ತು ಜನರೂ, ತಡವಾಗಿ ಬಂದು ಸಿಕ್ಕಿಹಾಕಿಕೊಂಡ ರಕ್ಷಣಾ ದೋಣಿಯವರೂ ಆ ಇಕ್ಕಟ್ಟಾದ ಕಂಬದಲ್ಲೇ ಉಳಿದರು. ಅವರಿಗೆಲ್ಲ ಒಣಬಟ್ಟೆ, ಬಿಸಿ ಗಂಜಿ, ಮಲಗಲು ಜಾಗ ಹೊಂದಿಸಿದ್ದು ಎಷ್ಟು ದೊಡ್ಡ ಕೆಲಸವೆಂದು ನೆಂಟರಿಂದ ತುಂಬಿದ ಒಂದೂವರೆ ಕೋಣೆಯ ಮನೆಯಲ್ಲಿ ಸಂಸಾರ ಮಾಡಿದ ಮುಂಬಯಿ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆದರೆ ಗಂಜಿ ಪಾತ್ರೆಯ ಮುಂದೆ ನಿಂತ ಹೆಂಗಸನ್ನು ಬರೆಯಲು ಯಾವ ಚಿತ್ರಕಾರನೂ ಸಮುದ್ರ ದಾಟಿ ಬರುವುದಿಲ್ಲ.

ಗ್ರೇಸ್ 1842ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಇಪ್ಪತ್ತಾರು ವರ್ಷ ಮಾತ್ರ. ಬಾಂಬರೋ ಊರಿನ ಚರ್ಚಿನ ಅಂಗಳದಲ್ಲಿ ಅವಳ ಸ್ಮಾರಕವಿದೆ. ಮಲಗಿರುವ ಕಲ್ಲಿನ ಮೂರ್ತಿ, ಪಕ್ಕದಲ್ಲಿ ಒಂದು ಹುಟ್ಟು.

ಕಲೆ ಒಂದು ರಾತ್ರಿಯನ್ನು ಹಿಡಿಯುತ್ತದೆ, ಒಂದು ಆಯುಷ್ಯವನ್ನು ಹಿಡಿಯುವುದಿಲ್ಲ ಎಂದು ಆಂಗ್ಲರ ಮೇಲೆ ಮಾತ್ರ ದೂರು ಹೇಳುವುದು ನ್ಯಾಯವಲ್ಲ. ನಮ್ಮ ಬೊರಿವಿಲಿಯಲ್ಲೇ, ಈಗ ಮೆಟ್ರೊ ನಿಲ್ದಾಣಕ್ಕೂ ಹೆಸರಾಗಿರುವ ಎಕ್ಸರ್ ಎಂಬಲ್ಲಿ, ಹಳೆಯ ವೀರಗಲ್ಲುಗಳಿವೆ. ಕನ್ನಡನಾಡಿನ ಊರೂರಲ್ಲಿ ವೀರಗಲ್ಲು ಕಂಡ ಕಣ್ಣಿಗೆ ಅವು ಅಪರಿಚಿತವೆನಿಸುವುದಿಲ್ಲ. ವಿಶೇಷವೆಂದರೆ ಇಲ್ಲಿ ದನ ಕಾಯುವ ಜಗಳವಿಲ್ಲ, ಹಡಗುಗಳಿವೆ. ಸಾಲಾಗಿ ಹುಟ್ಟು ಹಾಕುವವರು, ಮೇಲೆ ನಿಂತು ಕಾದುವ ಯೋಧರು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ನೌಕಾಯುದ್ಧದ ನೆನಪು ಇದೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಕದಂಬರು ಆಳಿದ ಗೋವೆಯಲ್ಲೂ ಹಡಗಿನ ವೀರಗಲ್ಲುಗಳು ಸಿಕ್ಕಿವೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಹೆಂಗಸು ಎಲ್ಲಿದ್ದಾಳೆ? ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯಾಗಿ ಇದ್ದಾಳೆ. ಇಲ್ಲವಾದರೆ ಬಳೆ ತೊಟ್ಟ ಕೈ ಎತ್ತಿದ ಮಹಾಸತಿಯಾಗಿ ಇದ್ದಾಳೆ. ಹಡಗಿಗೆ ಹೋದವನು ಬರುವವರೆಗೆ ದಡದಲ್ಲಿ ಒಲೆ, ಹೊಲ, ದೀಪ ನೋಡಿಕೊಂಡವಳಿಗೆ ಕಲ್ಲಿನಲ್ಲಿ ಸ್ಥಳವಿಲ್ಲ. ಶಿಲ್ಪಿಯ ತಪ್ಪೂ ಅಲ್ಲ. ದಿನವೂ ನಡೆಯುವುದನ್ನು ಕಲ್ಲಿನಲ್ಲಿ ಎಲ್ಲಿಂದ ಶುರುಮಾಡಿ ಎಲ್ಲಿ ಮುಗಿಸುವುದು?

ಇರಲಿ. ಆ ದಿನದಿನದ ಕೆಲಸ ಏನಿತ್ತೆಂದು ನೋಡೋಣ. ವಿದ್ಯುತ್ತು ಬರುವ ಮುಂಚೆ ಆ ದೀಪಗಳು ಉರಿಯುತ್ತಿದ್ದುದು ಎಣ್ಣೆಯಿಂದ: ಮೊದಲು ತಿಮಿಂಗಿಲದ ಎಣ್ಣೆ, ಆಮೇಲೆ ಹಂದಿಯ ಕೊಬ್ಬಿನ ಎಣ್ಣೆ, ಕೊನೆಗೆ ಸೀಮೆಎಣ್ಣೆ. ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಕಾಯಿಸಬೇಕು. ಬತ್ತಿ ಕರಕಾಗುತ್ತದೆ, ನಡುರಾತ್ರಿ ಎದ್ದು ಕತ್ತರಿಸಬೇಕು. ಬೆಳಗಾದರೆ ಗಾಜಿನ ಮಸಿ ಒರೆಸಬೇಕು, ಹಿತ್ತಾಳೆ ಉಜ್ಜಬೇಕು, ದಿನಚರಿ ಬರೆಯಬೇಕು. ಬಟ್ಟೆಯ ಗುಂಡಿ ತಗುಲಿ ಮಸೂರಕ್ಕೆ ಗೀರು ಬೀಳದಿರಲೆಂದು ಮೇಲಂಗಿ ಕಟ್ಟಿಕೊಳ್ಳಬೇಕೆಂಬ ನಿಯಮವೂ ಅಮೆರಿಕದಲ್ಲಿತ್ತು. ಸಂಜೆಯಾದೊಡನೆ ಲಾಟೀನಿನ ಗಾಜಿಗೆ ಬೂದಿ ಹಚ್ಚಿ ಒರೆಸಿ, ಬತ್ತಿ ಸರಿಮಾಡಿ, ದೀಪ ಹಚ್ಚಿದವರಿಗೆ ಕೈ ಮುಗಿದು ಬೆಳೆದ ನಮ್ಮ ತಲೆಮಾರಿನವರಿಗೆ ಇದು ತೀರ ಪರದೇಶದ ಕಥೆಯಲ್ಲ. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕೆಂದು ಗದರಿಸಿಕೊಂಡವರು ನಾವು.

ಅಮೆರಿಕದ ಮೇಯ್ನ್ ಸೀಮೆಯಲ್ಲಿ ಮಟಿನಿಕಸ್ ರಾಕ್ ಎಂಬ ಬೋಳುಬಂಡೆ. ಅದರ ಮೇಲೆ ಎರಡು ಗೋಪುರ, ಒಟ್ಟು 28 ದೀಪ. 1856ರ ಜನವರಿಯಲ್ಲಿ ಪಾಲಕ ಬರ್ಜೆಸ್ ಸಾಮಾನು ತರಲು ದಡಕ್ಕೆ ಹೋದವನು ಬಿರುಗಾಳಿಯಿಂದಾಗಿ ನಾಲ್ಕು ವಾರ ಹಿಂತಿರುಗಲಾಗಲಿಲ್ಲ. ಬಂಡೆಯ ಮೇಲೆ ಉಳಿದವರು ಕಾಯಿಲೆಯ ತಾಯಿ, ಮೂವರು ಚಿಕ್ಕ ತಂಗಿಯರು, ಹದಿನಾರು ವರ್ಷದ ಆ್ಯಬಿ. ಸಮುದ್ರ ಉಕ್ಕಿ ಹಳೆಯ ಮನೆಯನ್ನೇ ಕೊಚ್ಚಿಕೊಂಡು ಹೋಯಿತು. ಆ್ಯಬಿ ತಾಯಿ ತಂಗಿಯರನ್ನು ಗೋಪುರಕ್ಕೆ ಸೇರಿಸಿದಳು, ಅಲೆಗಳ ಮಧ್ಯೆ ಓಡಿಹೋಗಿ ಕೋಳಿಗಳನ್ನೂ ಎತ್ತಿಕೊಂಡು ಬಂದಳು. 28 ದೀಪಗಳಲ್ಲಿ ಒಂದು ರಾತ್ರಿಯೂ ತಪ್ಪಿಸಲಿಲ್ಲ. 1861ರಲ್ಲಿ ಸರಕಾರ ಬದಲಾದಾಗ ಬರ್ಜೆಸ್‌ನ ಜಾಗಕ್ಕೆ ಗ್ರ್ಯಾಂಟ್ ಎಂಬವನು ಬಂದ. ಹೊಸಬನಿಗೆ ಕೆಲಸ ಹೇಳಿಕೊಡಲು ಆ್ಯಬಿ ಬಂಡೆಯ ಮೇಲೆ ಉಳಿದಳು. ಕೊನೆಗೆ ಅವನ ಮಗನನ್ನೇ ಮದುವೆಯಾಗಿ, ಸಹಾಯಕಳಾಗಿ ಸಂಬಳವನ್ನೂ ಪಡೆದಳು.

ನ್ಯೂಪೋರ್ಟ್ ಬಂದರಿನ ಲೈಮ್ ರಾಕ್‌ನಲ್ಲಿ ಐಡಾ ಲೂಯಿಸ್. ತಂದೆ ಪಾಲಕನಾಗಿ ಕೆಲವೇ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಕೂತುಬಿಟ್ಟ. ಹದಿಹರೆಯದ ಐಡಾ ತಾಯಿಯ ಜೊತೆ ದೀಪ ನೋಡಿಕೊಂಡಳು, ತಮ್ಮ ತಂಗಿಯರನ್ನು ದೋಣಿಯಲ್ಲಿ ಶಾಲೆಗೆ ಬಿಟ್ಟು ಬಂದಳು. 1869ರ ಮಾರ್ಚ್ 29ರಂದು ಹಿಮಬಿರುಗಾಳಿಯಲ್ಲಿ ದೋಣಿ ಮಗುಚಿದ ಇಬ್ಬರು ಸೈನಿಕರನ್ನು, ಕೋಟು ಕೂಡ ತೊಡದೆ ಓಡಿಹೋಗಿ ಎಳೆದು ತಂದಳು. ಆ ವರ್ಷದ ಜುಲೈ 31ರ ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಬಂತು. ಅಧ್ಯಕ್ಷ ಗ್ರ್ಯಾಂಟ್ ನೋಡಲು ಬಂದ. ಅವಳು ಉಳಿಸಿದ ಜೀವಗಳ ಲೆಕ್ಕ 18. ಆದರೆ ಗುಮಾಸ್ತರ ಕಣ್ಣು ಬೀಳುವುದು ಬೇರೆ ಕಡೆ. ಇಷ್ಟೆಲ್ಲ ನಡೆಯುವಾಗ ಸರಕಾರದ ಪುಸ್ತಕದಲ್ಲಿ ಪಾಲಕನೆಂದು ಇದ್ದ ಹೆಸರು ತಂದೆಯದು. ಅವನು 1872ರಲ್ಲಿ ತೀರಿಕೊಂಡ ಮೇಲೆ ತಾಯಿಯದು. ಐಡಾಳ ಹೆಸರು ಬಂದದ್ದು 1879ರಲ್ಲಿ; ದೀಪ ಅವಳ ಕೈಗೆ ಬಂದು ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಕಾರಣ ಹೇಳಬೇಕು.

ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಪಂಚಾಯಿತಿಯ ನೀರುಗಂಟಿ. ಕೊಳವೆಬಾವಿಯ ಪಂಪು ಹಾಕುವುದು, ಟ್ಯಾಂಕು ತುಂಬಿಸುವುದು, ಕೇರಿ ಕೇರಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ನಾವು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಟ್ಯಾಂಕಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅಂದಿನಿಂದ ಮೂರು ವರ್ಷ ಊರಿಗೆ ನೀರು ಬಿಟ್ಟವರು ನಮ್ಮವ್ವ. ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಎರಡಕ್ಕೋ ಮೂರಕ್ಕೋ. ಅವ್ವ ಬಲ್ಬಿನ ಕೆಳಗೆ ಗೋಡೆಗೊರಗಿ ಕಾಯುತ್ತಿದ್ದರು; ಬಲ್ಬು ಹತ್ತಿದೊಡನೆ ಎದ್ದು ಕೈಯಲ್ಲಿ ಬ್ಯಾಟರಿ ಹಿಡಿದು ಪಂಪಿನ ಮನೆಗೆ ಹೋಗುತ್ತಿದ್ದರು. ಹಾವು ಚೇಳಿನ ದಾರಿ. ಬೆಳಗಾದರೆ ಊರವರು ಎದ್ದು ನಲ್ಲಿ ತಿರುಗಿಸುತ್ತಿದ್ದರು, ನೀರು ಬರುತ್ತಿತ್ತು, ಅಷ್ಟೆ. ತಿಂಗಳಿಗೊಮ್ಮೆ ಹಾಜರಿ ಪುಸ್ತಕವನ್ನು ಮನೆಗೇ ತಂದು ಹಾಸಿಗೆಯ ಮೇಲೆ ಅಪ್ಪನ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಐ.ಟಿ.ಐ. ಓದಿದ ಹುಡುಗನೊಬ್ಬನನ್ನು ಆ ಕೆಲಸಕ್ಕೆ ತೆಗೆದುಕೊಂಡರು. ಒಳ್ಳೆಯ ಹುಡುಗ. ಮೂರನೆಯ ಕೇರಿಯ ವಾಲ್ವು ಕಚ್ಚಿಕೊಳ್ಳುತ್ತದೆ, ಎಡಕ್ಕೆ ಸ್ವಲ್ಪ ತಿರುಗಿಸಿ ಆಮೇಲೆ ಬಲಕ್ಕೆ ತಿರುಗಿಸಬೇಕು ಎಂದು ಅವ್ವ ಅವನಿಗೆ ತೋರಿಸಿಕೊಟ್ಟು, ಬೀಗದಕೈ ಕೊಟ್ಟು ಮನೆಗೆ ಬಂದರು. “ನಿನ್ನ ಹೆಸರಿಗೆ ಕೇಳಬಾರದಿತ್ತೇನವ್ವಾ?” ಎಂದಿದ್ದಕ್ಕೆ, “ನನ್ನ ಹೆಸರು ಎಲ್ಲೈತಪ್ಪಾ ಅದ್ರಾಗೆ?” ಎಂದರು. ಕೋಪವಿಲ್ಲ, ದುಃಖವೂ ಇಲ್ಲ. ಇದ್ದ ಸಂಗತಿ ಹೇಳಿದಂತೆ.

ಅವ್ವ ಈಗಿಲ್ಲ. ಅವರ ಆ ಮೂರು ವರ್ಷ ಯಾವ ದಾಖಲೆಯಲ್ಲೂ ಇಲ್ಲ. ಸೇವಾಪುಸ್ತಕಗಳಲ್ಲಿ ಒಂದು ದಿನ ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳುವುದನ್ನೇ ವೃತ್ತಿ ಮಾಡಿಕೊಂಡ ನಮಗೆ ಅದು ಆಗಾಗ ಚುಚ್ಚುತ್ತದೆ.

ಹಾಗಾಗಿಯೇ ನ್ಯೂಯಾರ್ಕ್ ಬಂದರಿನ ರಾಬಿನ್ಸ್ ರೀಫ್‌ನ ಕೇಟ್ ವಾಕರ್ ನಮಗೆ ಹತ್ತಿರದವಳಾದಳು. ಜರ್ಮನಿಯಿಂದ ವಲಸೆ ಬಂದವಳು, ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಸುತ್ತ ನೀರೇ ಇರುವ ಆ ಜಾಗ ಮೊದಲಿಗೆ ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲವಂತೆ. 1890ರಲ್ಲಿ ಪಾಲಕನಾಗಿದ್ದ ಗಂಡ ಸಾಯುವಾಗ, ದೀಪ ನೋಡಿಕೋ ಎಂದನೆಂದು ಹೇಳುತ್ತಾರೆ. ನೋಡಿಕೊಂಡಳು. ಇಲಾಖೆ ಆ ಕೆಲಸವನ್ನು ಬೇರೆ ಗಂಡಸರಿಗೆ ಕೊಡಹೋಯಿತು; ಒಂಟಿ ಜಾಗವೆಂದು ಅವರು ಒಲ್ಲೆನೆಂದರು. ಅವಳಿಗೆ ಕಾಯಂ ಆದೇಶ ಸಿಗಲು ನಾಲ್ಕೈದು ವರ್ಷ ಹಿಡಿಯಿತು. 1919ರವರೆಗೆ ಅಲ್ಲೇ ಇದ್ದು ಸುಮಾರು 50 ಜನರನ್ನು ನೀರಿನಿಂದ ಎತ್ತಿದಳು.

ಇನ್ನೊಬ್ಬಳು ಮೇರಿಲ್ಯಾಂಡ್‌ನ ಟರ್ಕಿ ಪಾಯಿಂಟ್‌ನ ಫ್ಯಾನಿ ಸಾಲ್ಟರ್. 1925ರಲ್ಲಿ ಪಾಲಕನಾಗಿದ್ದ ಗಂಡ ಸತ್ತಾಗ, ವಯಸ್ಸು ಮೀರಿದೆ, ನೇಮಕ ಸಾಧ್ಯವಿಲ್ಲ ಎಂದು ಬರೆದು ಕಡತ ಮುಚ್ಚಿದರು. ಆಕೆ ತಮ್ಮ ಸೆನೆಟರ್ ಮೂಲಕ ಅಧ್ಯಕ್ಷರವರೆಗೆ ಹೋದಳು. ಅಧ್ಯಕ್ಷ ಕೂಲಿಜ್ ಆ ನಿರ್ಣಯವನ್ನು ತಿರುಗಿಸಿದ. 1947ರಲ್ಲಿ ನಿವೃತ್ತಳಾಗುವವರೆಗೆ ಅವಳು ದೀಪ ನೋಡಿಕೊಂಡಳು. ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬುದು ನಮ್ಮ ವೃತ್ತಿಧರ್ಮ. ಆದರೂ, ಇಪ್ಪತ್ತೆರಡು ವರ್ಷ ದೀಪ ತಪ್ಪಿಸದವಳ ವಯಸ್ಸು ಮೀರಿತ್ತೆಂದು ಬರೆದ ಆ ಗುಮಾಸ್ತ ಬಂಧುವಿನ ಟಿಪ್ಪಣಿಯನ್ನು ನೆನೆದರೆ, ಅದನ್ನು ಅಳಿಸಿದ ಕೈಗೆ ನಮಸ್ಕಾರ ಹೇಳಬೇಕೆನಿಸುತ್ತದೆ.

ದಾಖಲೆ ತಡವಾಗಿಯಾದರೂ ತಿದ್ದಿಕೊಳ್ಳುತ್ತದೆ ಎಂಬುದು ಸಮಾಧಾನ. 1924ರಲ್ಲಿ ಲೈಮ್ ರಾಕ್‌ನ ಹೆಸರನ್ನು ಐಡಾ ಲೂಯಿಸ್ ರಾಕ್ ಎಂದು ಬದಲಿಸಿದರು. 1990ರ ದಶಕದಲ್ಲಿ ಅಮೆರಿಕದ ಕರಾವಳಿ ಪಡೆ ತನ್ನ ಹೊಸ ಹಡಗುಗಳ ಒಂದು ಸರಣಿಗೆ ದೀಪಪಾಲಕರ ಹೆಸರುಗಳನ್ನೇ ಇಟ್ಟಿತು. ಮೊದಲನೆಯದು ಐಡಾ ಲೂಯಿಸ್, ಅದರ ಬೆನ್ನಿಗೇ ಕ್ಯಾಥರಿನ್ ವಾಕರ್, ಆ್ಯಬಿ ಬರ್ಜೆಸ್. ಅವು ಯುದ್ಧದ ಹಡಗುಗಳಲ್ಲ. ಸಮುದ್ರದಲ್ಲಿ ದಾರಿ ತೋರುವ ತೇಲುಗುರುತುಗಳನ್ನು ನೋಡಿಕೊಳ್ಳುವ ಹಡಗುಗಳು. ಇದಕ್ಕಿಂತ ಒಪ್ಪುವ ಸ್ಮಾರಕವನ್ನು ಯಾವ ಶಿಲ್ಪಿಯೂ ಕಡೆಯಲಾರ. ಲಾಂಗ್‌ಸ್ಟೋನ್ ದೀಪ 1990ರಲ್ಲಿ ಸ್ವಯಂಚಾಲಿತವಾಯಿತು. ಅಮೆರಿಕದ ಮೊಟ್ಟಮೊದಲ ದೀಪಸ್ತಂಭ 1716ರ ಬಾಸ್ಟನ್ ಲೈಟ್. ಅದರ ಮೊದಲ ಮಹಿಳಾ ಪಾಲಕಿ ಸ್ಯಾಲಿ ಸ್ನೋಮನ್ ಇಪ್ಪತ್ತು ವರ್ಷ ಸೇವೆ ಮಾಡಿ 2023ರ ಕೊನೆಯಲ್ಲಿ ನಿವೃತ್ತರಾದರು. ಆ ದೇಶದ ಸರಕಾರಿ ದೀಪಪಾಲಕರ ಸಾಲು ಒಬ್ಬ ಹೆಂಗಸಿನೊಂದಿಗೆ ಮುಗಿಯಿತು.

ಕೊನೆಗೆ ಸಂಘದ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ನಮ್ಮ ವಾರ್ಷಿಕ ವರದಿಯಲ್ಲಿ ಅತಿಥಿಗಳ ಹೆಸರಿರುತ್ತದೆ, ದಾನಿಗಳ ಹೆಸರಿರುತ್ತದೆ, ಹಾಡಿದವರ, ಕುಣಿದವರ ಹೆಸರಿರುತ್ತದೆ. ಕಟ್ಟಕಡೆಗೆ “ಸಹಕರಿಸಿದ ಸರ್ವರಿಗೂ ವಂದನೆಗಳು” ಎಂಬ ಒಂದು ಸಾಲು. ಆ ‘ಸರ್ವರು’ ಯಾರೆಂದು ನಮಗೆಲ್ಲ ಗೊತ್ತು. ರಾಜ್ಯೋತ್ಸವಕ್ಕೆ ಇನ್ನೂರು ಜನರಿಗೆ ಉಪ್ಪಿಟ್ಟು ಕಲಸಿದವರು, ಭಾನುವಾರದ ಕನ್ನಡ ತರಗತಿಗೆ ಮಳೆಯಲ್ಲೂ ಎರಡು ರೈಲು ಬದಲಿಸಿ ಬಂದವರು, ದೀಪ ಬೆಳಗಿಸುವ ಅತಿಥಿ ಬರುವ ಮುಂಚೆ ದೀಪಕ್ಕೆ ಎಣ್ಣೆ ಬತ್ತಿ ಹಾಕಿಟ್ಟವರು. ಬಹುಪಾಲು ನಮ್ಮ ಅಕ್ಕತಂಗಿಯರು. ಈ ಸಲ ಆ ಸಾಲನ್ನು ತೆಗೆದು ಅವರ ಹೆಸರುಗಳನ್ನೇ ಅಚ್ಚು ಹಾಕಿಸೋಣ. ಒಂದು ಪುಟ ಹೆಚ್ಚಾದೀತು. ಪಟ್ಟಿ ಬರೆದುಕೊಡುವ ಕೆಲಸ ನಮಗೆ ಬಿಡಿ.